ಮೂರನೇ ಮಹಡಿ ಹತ್ತಿದ ಮಣ್ಣು

ಕೈತೋಟ ಹಾಕಿಕೊಡುವುದೂ ಒಂದು ಉದ್ಯೋಗ ಎಂದು ನಮ್ಮತ್ತೆ ಕೊನೆಯವರೆಗೂ ಒಪ್ಪಲಿಲ್ಲ. ಸೊಸೆ ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, "ಏನೋ ಗಿಡ ಗಿಡ ಅಂತ ಓಡಾಡ್ಕೊಂಡಿರ್ತಾಳೆ" ಎನ್ನುತ್ತಿದ್ದರು. ಹಾಗೆ ಓಡಾಡಿಕೊಂಡೇ ಇಪ್ಪತ್ತೆಂಟು ವರ್ಷ ಕಳೆದೆ. ಹೆಬ್ಬಾಳದಾಚೆಯ ಒಂದು ನರ್ಸರಿಯಲ್ಲಿ ಕೆಲಸ. ಯಾರಿಗಾದರೂ ಹಿತ್ತಲಲ್ಲೋ ತಾರಸಿಯಲ್ಲೋ ತರಕಾರಿ ಬೆಳೆಯುವ ಆಸೆ ಹುಟ್ಟಿದರೆ ನಾನು ಹೋಗಬೇಕು. ಬಿಸಿಲು ಎಲ್ಲಿ ಬೀಳುತ್ತದೆ, ನೀರು ಎಲ್ಲಿ ನಿಲ್ಲುತ್ತದೆ ಎಂದು ನೋಡಿ, ಎಲ್ಲಿ ಬದನೆ, ಎಲ್ಲಿ ಹೀರೆ ಎಂದು ಕಾಗದದ ಮೇಲೆ ಗೆರೆ ಎಳೆದು, ಮಣ್ಣು ತರಿಸಿ, ನೆಟ್ಟು, ಮೊದಲ ಕಾಯಿ ಬಿಡುವವರೆಗೆ ವಾರಕ್ಕೊಮ್ಮೆ ಹೋಗಿ ನೋಡಿಕೊಂಡು ಬರಬೇಕು. ಹೋದ ವರ್ಷ ಮಂಡಿ ಕೈಕೊಟ್ಟಿತು, ಬಿಟ್ಟೆ.

ನನ್ನ ಜಾಗಕ್ಕೆ ಈಗ ಇಬ್ಬರು ಹುಡುಗಿಯರು ಬಂದಿದ್ದಾರೆ. ಕೃಷಿ ಓದಿದವರು, ಮೊಬೈಲಿನಲ್ಲೇ ಬಿಸಿಲು ಅಳೆಯುತ್ತಾರೆ. "ಆಂಟಿ, ನಿಮ್ಮ ಅನುಭವ ಸ್ವಲ್ಪ ಬರೆದುಕೊಡಿ, ನಮಗೆ ಉಪಯೋಗಕ್ಕೆ ಬರತ್ತೆ" ಎಂದು ಕೇಳಿದರು. ಅವರು ನಿರೀಕ್ಷಿಸಿದ್ದು ಗೊಬ್ಬರದ ಲೆಕ್ಕ, ಹುಳಕ್ಕೆ ಮದ್ದು ಇಂಥದ್ದು ಇರಬೇಕು. ಅವೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿಲ್ಲದ್ದು ಒಂದಿದೆ, ಅದನ್ನು ಬರೆಯುತ್ತೇನೆ.

ಮೊದಲು ನನ್ನ ದಡ್ಡತನ ಒಂದನ್ನು ಹೇಳಿಬಿಡುತ್ತೇನೆ, ಆಮೇಲೆ ಹೇಳುವ ತಪ್ಪಿನ ಮುಂದೆ ಇದು ಏನೂ ಅಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಂಜಯನಗರದಲ್ಲಿ ಒಬ್ಬರು ನಿವೃತ್ತ ಮೇಷ್ಟರ ಮನೆಗೆ ತೋಟ ಹಾಕಿದೆ. ಮೇ ತಿಂಗಳಲ್ಲಿ ಜಾಗ ನೋಡಿದ್ದೆ, ಅಂಗಳದ ತುಂಬ ಬಿಸಿಲು. ಆಹಾ ಎಂದುಕೊಂಡು ತರಕಾರಿ ಮಡಿ ಮಾಡಿಸಿ ಬಂದೆ. ಡಿಸೆಂಬರ್ ಬಂತು, ಸೂರ್ಯ ದಕ್ಷಿಣಕ್ಕೆ ವಾಲಿದ, ಪಕ್ಕದ ಮೂರು ಅಂತಸ್ತಿನ ಮನೆಯ ನೆರಳು ಬೆಳಗಿನಿಂದ ಸಂಜೆಯವರೆಗೆ ನನ್ನ ಟೊಮೆಟೊ ಸಾಲಿನ ಮೇಲೇ ಮಲಗಿತು. ಮೇಷ್ಟರು ಬೈಯಲಿಲ್ಲ. "ನಿಮ್ಮ ಟೊಮೆಟೊಗೆ ಒಂದು ಸ್ವೆಟರ್ ಹೆಣೆದುಕೊಡಿ ತಾಯಿ" ಎಂದರು. ಬೈದಿದ್ದರೆ ಎಂದೋ ಮರೆತುಬಿಡುತ್ತಿದ್ದೆ. ಇಂದಿಗೂ ಯಾವ ಮನೆಗೆ ಹೋದರೂ ಮೊದಲು ದಕ್ಷಿಣಕ್ಕೆ ತಿರುಗಿ ಪಕ್ಕದ ಮನೆ ಎಷ್ಟು ಎತ್ತರ ಎಂದು ನೋಡುವುದು ಅಭ್ಯಾಸವಾಗಿದೆ.

ನರ್ಸರಿಯ ಓನರ್ ವೆಂಕಟಪ್ಪನವರು ಕಡಕ್ ಮನುಷ್ಯ. ಅವರದ್ದು ಒಂದು ಕಾನೂನಿತ್ತು. ಯಾವ ಮಣ್ಣೇ ಬರಲಿ, ಮಡಿಗೆ ತುಂಬಿ, ನೀರು ಹಾಕಿ, ಹದಿನೈದು ದಿನ ಏನೂ ನೆಡದೆ ಬಿಡಬೇಕು. "ಮೊದ್ಲು ಮಣ್ಣು ಮಾತಾಡ್ಲಿ ಬಿಡಮ್ಮ. ಆಮೇಲೆ ನಿನ್ ಮಾತು" ಎನ್ನುತ್ತಿದ್ದರು. ಕಳೆ ಎಲ್ಲ ಮೊದಲೇ ಎದ್ದುಬಂದರೆ ಕಿತ್ತುಹಾಕಲು ಸುಲಭ, ಅಷ್ಟೇ ಇದರ ಅರ್ಥ ಎಂದು ನಾನು ತಿಳಿದಿದ್ದೆ. ಆದರೆ ವರ್ಷಗಟ್ಟಲೆ ನೋಡಿದ ಮೇಲೆ ಒಂದು ವಿಷಯ ತಿಳಿಯಿತು. ಆ ಹದಿನೈದು ದಿನದಲ್ಲಿ ಮಣ್ಣು ತನ್ನ ಊರು ಹೇಳಿಬಿಡುತ್ತದೆ. ಕೆರೆಯಿಂದ ತೆಗೆದದ್ದಾದರೆ ಜೊಂಡಿನ ಮೊಳಕೆ ಬರುತ್ತದೆ. ಹೊಲದ್ದಾದರೆ ಅಣ್ಣೆ ಸೊಪ್ಪು, ದಂಟು. ರಸ್ತೆ ಬದಿಯದ್ದಾದರೆ ಪಾರ್ಥೇನಿಯಂ. ಮಣ್ಣು ತರುವ ಟಿಪ್ಪರಿನವನು ಏನೇ ಸುಳ್ಳು ಹೇಳಿದರೂ ಮಣ್ಣು ಸುಳ್ಳು ಹೇಳುವುದಿಲ್ಲ.

ನಾಗಸಂದ್ರದಲ್ಲಿ ಒಮ್ಮೆ ಹೀಗಾಯಿತು. ಹಳೆಯ ಮನೆ ಕೆಡವಿ ಹೊಸದು ಕಟ್ಟಿದ್ದರು. ಹಿಂದೆ ಉಳಿದ ಖಾಲಿ ನೆಲಕ್ಕೆ ನೀರು ಬಿಟ್ಟು ಬಂದೆ. ಎರಡು ವಾರ ಬಿಟ್ಟು ಹೋದರೆ ನೆಲವೆಲ್ಲ ಬೋಳಾಗಿದೆ, ಮಧ್ಯದಲ್ಲಿ ಒಂದು ಚೌಕದಲ್ಲಿ ಮಾತ್ರ ತುಳಸಿ ಸಸಿಗಳು ಒತ್ತೊತ್ತಾಗಿ ಎದ್ದಿವೆ. ದಾರ ಹಿಡಿದು ಗೆರೆ ಎಳೆದಷ್ಟು ನೇರ. ಮನೆಯವರು ತುಳಸಿ ಹಾಕಿಯೇ ಇರಲಿಲ್ಲ. ಪಕ್ಕದ ಮನೆಯ ಅಜ್ಜಿ ಗೋಡೆಯ ಮೇಲಿಂದ ಬಗ್ಗಿ ನೋಡಿ, "ಅಲ್ಲೇ ಇದ್ದಿದ್ದು ಕಣಮ್ಮ ಹಳೇ ಮನೆಯೋರ ತುಳಸಿಕಟ್ಟೆ" ಎಂದರು. ಎಷ್ಟೋ ವರ್ಷ ಉದುರಿದ ಬೀಜ, ನೀರು ಸಿಕ್ಕಿತು, ಹುಟ್ಟಿತು, ಇದರಲ್ಲಿ ವಿಶೇಷವೇನಿಲ್ಲ ಎಂದು ನಾನೇ ಮನೆಯವರಿಗೆ ವಿವರಿಸಿದೆ. ಆದರೂ ಆ ಚೌಕದೊಳಗೆ ನಾನು ಕಾಲಿಡಲಿಲ್ಲ. ಸುತ್ತಿ ಬಳಸಿ ನಡೆದೆ.

ಈಗ ಕಾಲ ಬದಲಾಗಿದೆ. ತೆಂಗಿನ ನಾರಿನ ಪುಡಿ, ಎರೆಗೊಬ್ಬರ, ಪ್ಲಾಸ್ಟಿಕ್ ಚೀಲ. ಹಗುರ, ಸ್ವಚ್ಛ, ತಾರಸಿಗೆ ಭಾರವಿಲ್ಲ. ಅದಕ್ಕೆ ಊರಿಲ್ಲ, ಹೇಳುವುದಕ್ಕೂ ಏನಿಲ್ಲ. ನಮ್ಮ ಹುಡುಗಿಯರು ಅದನ್ನೇ ಬಳಸುತ್ತಾರೆ, ಬಳಸಲಿ. ಆದರೆ ಯಾರಾದರೂ "ನಮಗೆ ಮಣ್ಣೇ ಬೇಕು" ಎಂದು ಹಟ ಹಿಡಿದಾಗ, ದಯವಿಟ್ಟು ಮುಂದಿನದನ್ನು ನೆನಪಿಸಿಕೊಳ್ಳಿ.

ನಾನು ಕೆಲಸ ಬಿಡುವುದಕ್ಕೆ ಎರಡು ವರ್ಷ ಮುಂಚಿನ ಮಾತು. ಅಮೃತಹಳ್ಳಿಯಲ್ಲಿ ಸುಧಾ ಎಂಬ ಬ್ಯಾಂಕ್ ಉದ್ಯೋಗಿ ಮೂರನೇ ಮಹಡಿಯ ತಾರಸಿಯಲ್ಲಿ ಇಟ್ಟಿಗೆಯ ನಾಲ್ಕು ಮಡಿ ಕಟ್ಟಿಸಿದ್ದಳು. ಗಟ್ಟಿ ಹೆಂಗಸು, ಹೆದರಿಕೆ ಎಂಬುದೇ ಇಲ್ಲ. ನಾನು ಮೊದಲ ಸಲ ಹೋದಾಗ ಪ್ಯಾರಪೆಟ್ ಗೋಡೆಯ ಮೇಲೆ ಕೂತು ಕಾಲು ಆಡಿಸುತ್ತ ಕಾಫಿ ಕುಡಿಯುತ್ತಿದ್ದಳು. "ಇಳೀರಿ ಮಾರಾಯ್ರೆ, ಮೊದ್ಲು ತೋಟ ಹಾಕೋಣ" ಎಂದು ಗದರಿಸಿದೆ.

ನಮ್ಮ ಮಾಮೂಲಿ ಮಣ್ಣು ಮೂರು ಮಡಿಗೆ ಸಾಕಾಯಿತು. ಪೂರ್ವದ ಮೂಲೆಯ ನಾಲ್ಕನೆಯದು ಖಾಲಿ ಉಳಿಯಿತು. ಏಪ್ರಿಲ್ ಕೊನೆ. ಮಳೆ ಹಿಡಿಯುವುದರೊಳಗೆ ನೆಟ್ಟು ಮುಗಿಸಬೇಕೆಂಬ ಆತುರ ನನಗೆ. ಟಿಪ್ಪರಿನವನಿಗೆ ಫೋನ್ ಮಾಡಿ ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ: "ಎಲ್ಲಿಂದಾದ್ರೂ ಸರಿ ಕಣಪ್ಪ, ನಾನು ಕೇಳಲ್ಲ. ಇವತ್ತೇ ಬೇಕು." ಸಂಜೆಯೊಳಗೆ ಒಂದು ಸಣ್ಣ ಗಾಡಿ ಮಣ್ಣು ಬಂತು. ಸಡಿಲವಾದ, ಕೆಂಪಗಿನ, ಒಳ್ಳೆಯ ಮಣ್ಣು. ಕೈಯಲ್ಲಿ ಹಿಡಿದು ನನಗೆ ಖುಷಿಯೇ ಆಯಿತು.

ಐದನೇ ದಿನ ಸುಧಾ ಫೋನ್ ಮಾಡಿದಳು. ಮೂಲೆಯ ಮಡಿಯಲ್ಲಿ ಏನೋ ತುಂಬ ಚೆನ್ನಾಗಿ ಹುಟ್ಟಿದೆ, ಬನ್ನಿ ಎಂದಳು. ಮುನಿರಾಜುವನ್ನು ಕರೆದುಕೊಂಡು ಹೋದೆ. ಮುನಿರಾಜು ನನ್ನ ಜೊತೆ ಇಪ್ಪತ್ತು ವರ್ಷ ಮಡಿ ಅಗೆದವನು, ಐವತ್ತು ದಾಟಿದವನು, ಆ ಕಡೆಯ ಹಳೇ ಊರಿನ ಒಕ್ಕಲು ಮನೆಯವನು. ಮೂರು ಮಡಿಗಳಲ್ಲಿ ಅಷ್ಟಿಷ್ಟು ಹುಲ್ಲು. ನಾಲ್ಕನೆಯದರಲ್ಲಿ ಮಾತ್ರ ರಾಗಿ, ಭತ್ತ, ಅವರೆ, ಹುರುಳಿ, ಹೆಸರು, ತೊಗರಿ, ಅಲಸಂದೆ, ಎಳ್ಳು, ಉದ್ದು, ಎಲ್ಲವೂ ಒಂದರ ಮೈಮೇಲೆ ಒಂದು ಬಿದ್ದು ಹಸಿರಾಗಿ ಎದ್ದಿದ್ದವು. ಯಾವ ಹೊಲದಲ್ಲೂ ಹೀಗೆ ಬಿತ್ತುವುದಿಲ್ಲ.

ಮುನಿರಾಜು ಚಪ್ಪಲಿ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಸುಧಾ ಕೆಳಗೆ ಹೋಗುವವರೆಗೆ ಕಾದು, ಸಣ್ಣ ದನಿಯಲ್ಲಿ ಹೇಳಿದ.

"ಅಕ್ಕ, ಇದನ್ನ ಮುಟ್ಬೇಡಿ. ಒಂಬತ್ತು ಕಾಳು. ಇದು ಗುಡ್ಡೆ ಮಣ್ಣು."

ನನಗೂ ಗೊತ್ತಿತ್ತು. ಆ ಕಡೆಯ ಒಕ್ಕಲು ಮನೆಗಳಲ್ಲಿ ಹೋದವರನ್ನು ತಮ್ಮ ಹೊಲದ ಮೂಲೆಯಲ್ಲೇ ಮಣ್ಣು ಮಾಡುತ್ತಾರೆ. ಮೂರನೆಯ ದಿನ ಹಾಲುತುಪ್ಪ ಬಿಟ್ಟು, ಸಮಾಧಿಯ ಗುಡ್ಡೆಯ ಮೇಲೆ ಒಂಬತ್ತು ಕಾಳು ಬಿತ್ತುತ್ತಾರೆ. ಪೈರು ನಗುನಗುತ್ತ ಬಂದರೆ ಹೋದ ಜೀವ ನೆಮ್ಮದಿಯಾಗಿದೆ ಎಂದು ಅರ್ಥ. ಗೊತ್ತಿದ್ದೂ ನಾನು ಮುನಿರಾಜುವಿನ ಮೇಲೆಯೇ ರೇಗಿದೆ. "ಯಾರೋ ಪೂಜೆ ಮಾಡಿ ಕಾಳು ಚೆಲ್ಲಿರ್ತಾರೆ, ಎಲ್ಲಾದಕ್ಕೂ ಒಂದು ಕತೆ ಕಟ್ಬೇಡ ನೀನು" ಎಂದು ಬಾಯಿ ಮುಚ್ಚಿಸಿದೆ. ಅವನು ಮುಟ್ಟಲಿಲ್ಲ. ನಾನೇ ಬಗ್ಗಿ ಅಷ್ಟನ್ನೂ ಕಿತ್ತೆ. ಬೇರಿಗೆ ಅಂಟಿದ ಮಣ್ಣು ಬೇಸಿಗೆಯ ಮಧ್ಯಾಹ್ನದಲ್ಲೂ ತಣ್ಣಗಿತ್ತು. ಗೊಬ್ಬರದ ಬುಟ್ಟಿಗೆ ಹಾಕಿ, ಹದಿನೈದು ದಿನವೂ ಕಾಯದೆ, ಮೂರು ಮಡಿಗಳ ಜೊತೆ ಆ ಮಡಿಗೂ ಅದೇ ದಿನ ಬೆಂಡೆ ಮತ್ತು ಹೀರೆ ಬೀಜ ಊರಿ ಕೈ ತೊಳೆದುಕೊಂಡೆ.

ಗಿಡಗಳು ಬಂದವು, ಚೆನ್ನಾಗಿಯೇ ಬಂದವು. ಹೀರೆಗೆ ಪ್ಯಾರಪೆಟ್ಟಿನ ಕಡೆಗೆ ದಾರ ಕಟ್ಟಿ ಚಪ್ಪರ ಮಾಡಿದ್ದೆ, ಪೂರ್ವದ ಬಿಸಿಲು ಸಿಗಲಿ ಎಂದು. ಮೂರು ಮಡಿಗಳ ಬಳ್ಳಿ ದಾರ ಹಿಡಿದು ಗೋಡೆ ಏರಿ ಹೊರಗೆ ಇಣುಕಿತು. ಮೂಲೆಯ ಬಳ್ಳಿ ದಾರ ಬಿಟ್ಟು, ನೆಲಕ್ಕೆ ಇಳಿದು, ತಾರಸಿಯ ಒಳಗಡೆಗೆ, ಮೆಟ್ಟಿಲು ಕೋಣೆಯ ಗೋಡೆಯ ಕಡೆಗೆ ತೆವಳಿತು. ಎತ್ತಿ ಕಟ್ಟಿದೆ. ಮುಂದಿನ ವಾರ ಹೋದರೆ ನಾನು ಹಾಕಿದ ಗಂಟು ಹಾಗೇ ಇತ್ತು, ಬಳ್ಳಿ ಮಾತ್ರ ಅದರೊಳಗಿಂದ ನುಣುಚಿ ಮತ್ತೆ ಅದೇ ಕಡೆಗೆ ಹೊರಟಿತ್ತು. ಬೆಂಡೆ ಗಿಡಗಳೂ ಬೆಳಕಿಗೆ ಬೆನ್ನು ಮಾಡಿ ಒಳಗೆ ವಾಲಿದ್ದವು. ಬಿಸಿಲನ್ನು ಬಿಟ್ಟು ನೆರಳಿಗೆ ಹೋಗುವ ಬೆಂಡೆಯನ್ನು ನಾನು ಅದಕ್ಕೆ ಮುಂಚೆಯೂ ನೋಡಿಲ್ಲ, ಆಮೇಲೂ ನೋಡಿಲ್ಲ.

ಗಾಳಿ ಎಂದೆ. ಒಳಗಡೆಯ ಬಿಳಿ ನೀರಿನ ಟ್ಯಾಂಕಿನಿಂದ ತಿರುಗಿ ಬೀಳುವ ಬೆಳಕು ಎಂದೆ. ಸುಧಾ ತಲೆಯಾಡಿಸಿದಳು, ಆದರೆ ಅವಳ ಮುಖ ಸರಿಯಿರಲಿಲ್ಲ.

"ಮೇಡಂ, ಒಂದ್ ಮಾತು. ನಗ್ಬೇಡಿ. ಆ ಮೂಲೆ ಬೆಡ್ ಹತ್ರ ಹೋದ್ರೆ ನಂಗೆ ತಲೆ ಸುತ್ತತ್ತೆ. ಕಾಲ್ ಕೆಳಗೆ ನೆಲಾನೇ ಇಲ್ಲ ಅನ್ಸತ್ತೆ. ಬೇರೆ ಕಡೆ ನಿಂತ್ರೆ ಏನೂ ಇಲ್ಲ."

"ಬಿಪಿ ನೋಡಿಸ್ಕೊಳ್ಳಿ" ಎಂದೆ.

"ನೋಡಿಸ್ದೆ. ನಾರ್ಮಲ್."

ಅವಳು ಪ್ಯಾರಪೆಟ್ ಮೇಲೆ ಕೂರುವುದನ್ನು ಬಿಟ್ಟು ತಿಂಗಳಾಗಿತ್ತು. ಕಾಗೆಗಳು ಮಾತ್ರ ಬಂದು ಕೂರುತ್ತಿದ್ದವು. ಮೂಲೆಯ ಮಡಿಯ ನೇರಕ್ಕೆ, ಐದೋ ಆರೋ, ಕೂಗದೆ. ಎಳೆ ಬೆಂಡೆಯನ್ನು ಕುಕ್ಕುವುದು ಕಾಗೆಯ ಬುದ್ಧಿ. ಇವು ಒಂದನ್ನೂ ಮುಟ್ಟಲಿಲ್ಲ. ನಾನು ಅವತ್ತು ಆ ಮಡಿಗೆ ಬೆನ್ನು ತಿರುಗಿಸದೆ, ಹಿಂದೆ ಹಿಂದೆ ಹೆಜ್ಜೆ ಇಟ್ಟು ಮೆಟ್ಟಿಲಿಗೆ ಬಂದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

ಜುಲೈ ಮೊದಲ ವಾರ ಮುನಿರಾಜು ತನ್ನ ಹೆಂಡತಿಯ ಊರಿಗೆ, ಜಕ್ಕೂರಿನಾಚೆಗೆ, ಹೋಗಿ ಬಂದ. ಬಂದವನು ನರ್ಸರಿಯಲ್ಲಿ ನನ್ನೆದುರು ಕೂತ. ಅವನು ಹೇಳಿದ್ದು ಇಷ್ಟು. ಅಲ್ಲಿ ಹನುಮಂತಪ್ಪ ಎಂಬ ಹಿರಿಯರಿದ್ದಾರೆ. ಏಪ್ರಿಲಿನಲ್ಲಿ ಅವರ ಹೆಂಡತಿ ಗೌರಮ್ಮ ತೀರಿಕೊಂಡರು. ಹೊಲದ ಮೂಲೆಯಲ್ಲಿ ಮಣ್ಣು ಮಾಡಿ, ಮೂರನೇ ದಿನ ಹನುಮಂತಪ್ಪ ತಮ್ಮ ಕೈಯಾರೆ ಒಂಬತ್ತು ಕಾಳು ಬಿತ್ತಿದರು. ಮಗ ನಾರಾಯಣಸ್ವಾಮಿ ಈಗ ಬಿಲ್ಡರು, ಉಳಿದ ಹೊಲವನ್ನು ಮಟ್ಟ ಮಾಡಿಸುತ್ತಿದ್ದ. ಮೂಲೆ ಬಿಟ್ಟು ಅಗೆಯಿರಿ ಎಂದು ಹೇಳಿಯೂ ಇದ್ದ. ಆದರೆ ಜೆಸಿಬಿಯವನಿಗೆ ಯಾವನೋ ಟಿಪ್ಪರಿನವನು ಬಂದು, ಯಾರಿಗೋ ತುರ್ತಾಗಿ ಮಣ್ಣು ಬೇಕಂತೆ ಎಂದು ಕೇಳಿದನಂತೆ. ಅವನು ಕೈಗೆ ಸುಲಭವಾಗಿ ಸಿಕ್ಕ ಸಡಿಲ ಗುಡ್ಡೆಯನ್ನು ತುಂಬಿ ಕಳಿಸಿಬಿಟ್ಟ. ಹೆಣ ಆಳದಲ್ಲಿ ಹಾಗೇ ಇದೆ, ಮೇಲಿನ ಮಣ್ಣು ಮಾತ್ರ ಹೋಯಿತು. ಅಪ್ಪನಿಗೆ ತಿಳಿಯದಿರಲಿ ಎಂದು ಮಗ ಬೇರೆ ಮಣ್ಣು ತಂದು ಗುಡ್ಡೆ ಮಾಡಿಸಿದ.

"ಅದ್ರಲ್ಲಿ ಒಂದ್ ಕಾಳೂ ಉಟ್ಲಿಲ್ಲ ಅಕ್ಕ" ಎಂದ ಮುನಿರಾಜು. "ಮುದುಕಪ್ಪ ದಿನಾ ಬಿಂದಿಗೇಲಿ ನೀರ್ ಒತ್ತು ಉಯ್ತಾವ್ರೆ. ನನ್ನಿಂದ ಏನೋ ತಪ್ಪಾಗದೆ, ಅದ್ಕೇ ಅವ್ಳು ನಗ್ತಿಲ್ಲ ಅಂತಾರೆ. ಪೈರು ಬರೋಗಂಟ ಸರ್ಯಾಗಿ ಉಣ್ಣಲ್ವಂತೆ. ಒಪ್ಪೊತ್ತು ಗಂಜಿ. ಸೊರಗಿ ಕಡ್ಡಿ ಆಗೋಗವ್ರೆ."

ತುರ್ತಾಗಿ ಮಣ್ಣು ಕೇಳಿದವಳು ನಾನು. ಬಂದ ಪೈರನ್ನು ಕಿತ್ತವಳೂ ನಾನು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಮುನಿರಾಜು ನನ್ನ ಹೆಸರು ಎತ್ತುವವನಲ್ಲ. ಎರಡು ದಿನ ಸುಮ್ಮನಿದ್ದೂ ನೋಡಿದೆ. ಅನ್ನದ ಮುಂದೆ ಕೂತಾಗಲೆಲ್ಲ ಆ ಗಂಜಿಯ ಲೋಟ ಕಣ್ಣಿಗೆ ಬರುತ್ತಿತ್ತು. ಸುಧಾಳಿಗೆ ಎಲ್ಲ ಹೇಳಿದೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು, "ಅವ್ರನ್ನ ಕರ್ಕೊಂಡ್ ಬನ್ನಿ ಮೇಡಂ" ಎಂದಳು.

ಹನುಮಂತಪ್ಪನವರ ಜಗಲಿಯ ಮೇಲೆ ಕೂತು ನಾನು ಒಂದೂ ಬಿಡದೆ ಹೇಳಿದೆ. ಮಗ ತಲೆ ತಗ್ಗಿಸಿ ಕಂಬ ಹಿಡಿದು ನಿಂತಿದ್ದ. ಅವರು ಮಗನನ್ನೂ ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ಒಂದೇ ಕೇಳಿದರು.

"ಪೈರು ಬಂದಿತ್ತಾ ತಾಯಿ?"

"ಬಂದಿತ್ತು ಯಜಮಾನ್ರೇ. ಒಂಬತ್ತೂ ಬಂದಿತ್ತು. ನಾನೇ ಕಿತ್ತುಬಿಟ್ಟೆ."

"ಎಂಗಿತ್ತು? ನಗ್ತಿತ್ತಾ?"

"ನಗ್ತಿತ್ತು" ಎಂದೆ. ನನಗೆ ಅಳು ತಡೆಯಲಾಗಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಬಂದರು. ಸಣ್ಣ ಲಿಫ್ಟಿತ್ತು, ಬೇಡ ಎಂದು ಗೋಡೆಗೆ ಕೈ ಕೊಟ್ಟು ಮೆಟ್ಟಿಲು ಹತ್ತಿದರು. ಯಾವ ಮಡಿ ಎಂದು ನಾವು ತೋರಿಸಲಿಲ್ಲ, ಅವರೇ ಹೋಗಿ ಮೂಲೆಯಲ್ಲಿ ನಿಂತರು. ಕಾಗೆಗಳು ಎದ್ದು ಹೋದವು. ನೆಲಕ್ಕೆ ತೆವಳಿದ ಬಳ್ಳಿಯನ್ನೂ, ಒಳಗೆ ವಾಲಿದ ಬೆಂಡೆಯನ್ನೂ ಬಹಳ ಹೊತ್ತು ನೋಡಿದರು.

"ಯಾಕಿಂಗೆ ಒಳೀಕೆ ಬಗ್ಗವೆ?"

"ಗಾಳಿಗೆ ಯಜಮಾನ್ರೇ" ಎಂದೆ, ಅಭ್ಯಾಸಬಲ.

"ಗಾಳಿಗಲ್ಲ ಕಣಮ್ಮ. ಅವ್ಳಿಗೆ ಎತ್ತರ ಅಂದ್ರೆ ಬೋ ಎದ್ರಿಕೆ. ನಮ್ಮನೆ ಅಟ್ಟನೇ ಅತ್ತಿದೋಳಲ್ಲ. ಒಂದ್ಸಲ ಮಗಳ ಮನೆ ಮೂರ್ನೇ ಮಾಡಿಗೆ ಕರ್ಕೊಂಡೋಗಿದ್ದೆ. ಗೋಡೆ ಬಿಟ್ಟು ಈಚೀಕೆ ಬರ್ಲಿಲ್ಲ. ಇಳಿಯೋವಾಗ ಕಣ್ ಮುಚ್ಕೊಂಡು, ನನ್ ಟವಲ್ ತುದಿ ಇಡ್ಕೊಂಡು ಇಳುದ್ಲು."

ಸುಧಾ ಇದ್ದಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಇಪ್ಪತ್ತಾರು ವರ್ಷ ಗಿಡ ನೋಡಿ, ಒಂದೊಂದಕ್ಕೂ ಕಾರಣ ಹೇಳಿಕೊಂಡು ಬಂದ ನನ್ನ ಹತ್ತಿರ ಆ ಹೊತ್ತಿನಲ್ಲಿ ಒಂದು ಕಾರಣವೂ ಇರಲಿಲ್ಲ. ಇವತ್ತೂ ಇಲ್ಲ.

ಮುಂದೆ ಏನಾಯಿತೆಂದು ಹುಡುಗಿಯರು ಕೇಳುತ್ತಾರೆ, ಹೇಳಿಬಿಡುತ್ತೇನೆ. ಅಷ್ಟೂ ಮಣ್ಣನ್ನು ಅವತ್ತೇ ತೆಗೆದುಕೊಂಡು ಹೋಗಿ ಗುಡ್ಡೆಗೆ ಹಾಕಿದೆವು. ಹನುಮಂತಪ್ಪ ಮತ್ತೆ ಕಾಳು ಬಿತ್ತಿದರು, ಪೈರು ನಾಲ್ಕೇ ದಿನಕ್ಕೆ ಬಂತು ಎಂದು ಮುನಿರಾಜು ನೋಡಿ ಬಂದು ಹೇಳಿದ. ಮುದುಕರು ಮುದ್ದೆ ಉಣ್ಣುತ್ತಿದ್ದಾರೆ, ಸೊಸೆಗೆ ಸಾರು ಸಪ್ಪೆ ಎಂದು ಗದರಿಸುವಷ್ಟು ಚೇತರಿಸಿಕೊಂಡಿದ್ದಾರೆ. ಸುಧಾಳ ಮೂಲೆಯ ಮಡಿಗೆ ನಾರಿನ ಪುಡಿ ತುಂಬಿಸಿದೆ, ಅದರಲ್ಲಿ ಮೆಂತ್ಯ ಬೆಳೆಯುತ್ತಾಳೆ. ಮತ್ತೆ ಪ್ಯಾರಪೆಟ್ ಮೇಲೆ ಕೂತು ಕಾಫಿ ಕುಡಿಯುತ್ತಾಳೆ, ನಾನು ಎಷ್ಟು ಬೈದರೂ ಕೇಳುವುದಿಲ್ಲ.

ಆದರೆ ನಾನು ಇಷ್ಟೆಲ್ಲ ಬರೆಯಲು ಕೂತದ್ದು ಆ ಮಧ್ಯಾಹ್ನದ ಮೆಟ್ಟಿಲುಗಳಿಗಾಗಿ. ಮುನಿರಾಜು ಮೊದಲ ಬಾಂಡ್ಲಿಗೆ ಮಣ್ಣು ತುಂಬಿ ಎತ್ತಿಕೊಂಡ. ಹನುಮಂತಪ್ಪ "ತಾಳಪ್ಪ" ಎಂದು ಹೆಗಲ ಮೇಲಿನ ಟವಲು ತೆಗೆದರು. ಒಂದು ತುದಿಯನ್ನು ಬಾಂಡ್ಲಿಯ ಮಣ್ಣಿನೊಳಗೆ ಮೆಲ್ಲಗೆ ಊರಿದರು, ಇನ್ನೊಂದು ತುದಿಯನ್ನು ತಮ್ಮ ಕೈಗೆ ಸುತ್ತಿಕೊಂಡು ಮುಂದೆ ನಡೆದರು. ಒಂದೊಂದು ಮೆಟ್ಟಿಲಿಗೂ ನಿಂತು, ಹಿಂದೆ ತಿರುಗಿ, ಮುನಿರಾಜುವಿಗಲ್ಲ, ಬಾಂಡ್ಲಿಗೆ ಹೇಳುತ್ತಿದ್ದರು: "ಇನ್ನೊಂದು. ಇನ್ನೊಂದೇ." ನಾನೂ ಸುಧಾಳೂ ಹಿಂದೆ ಇಳಿದೆವು. ಟವಲು ಎಲ್ಲೂ ಜೋಲಲಿಲ್ಲ, ಮಣ್ಣಿನಿಂದ ಜಾರಲೂ ಇಲ್ಲ. ಮೂರು ಮಹಡಿಯೂ ಬಿಗಿಯಾಗಿಯೇ ಇತ್ತು, ಆ ತುದಿಯಲ್ಲಿ ಯಾರೋ ಹಿಡಿದಿದ್ದ ಹಾಗೆ.

ಕೊನೆಯ ಮೆಟ್ಟಿಲು ಇಳಿದು ಅಂಗಳಕ್ಕೆ ಬಂದು ಬಾಂಡ್ಲಿಯನ್ನು ಕೆಳಗಿಡಿಸಿದರು. ಕಷ್ಟಪಟ್ಟು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಮಣ್ಣಿನ ಮೇಲೆ ಅಂಗೈ ಇಟ್ಟರು.

"ನೆಲ ಬಂತು ಕಣೆ" ಎಂದರು. "ಕಣ್ ಬುಡು."